ಮೆಟ್ಟಿಲಿನ ಉಪಕರಣವನ್ನು ಮೆಟ್ಟಿಲ ಮೇಲೇ ಆರಿಸಿ

ಹೋಟೆಲು, ಚಿತ್ರಮಂದಿರ, ಸಮಾವೇಶ ಭವನಗಳ ಹೌಸ್‌ಕೀಪಿಂಗ್ ಮುಖ್ಯಸ್ಥರಿಗೆ ಮತ್ತು ಖರೀದಿ ವಿಭಾಗದವರಿಗೆ,



ಕಾರ್ಪೆಟ್ ತೊಳೆಯುವ ಮೆಷಿನ್ ಮಾರಲು ಬಂದವರು ಅದನ್ನು ನಿಮಗೆ ಎಲ್ಲಿ ಓಡಿಸಿ ತೋರಿಸುತ್ತಾರೆ? ಲಾಬಿಯಲ್ಲಿ. ಸಪಾಟು ನೆಲ, ಒಳ್ಳೆಯ ಬೆಳಕು, ಪಕ್ಕದಲ್ಲೇ ಪ್ಲಗ್ ಪಾಯಿಂಟ್. ಉದ್ದನೆಯ ವಾಂಡ್ ಹಿಡಿದು ಎರಡು ಸಲ ಎಳೆಯುತ್ತಾರೆ, ಒಂದು ಪಟ್ಟಿ ಬೆಳ್ಳಗಾಗುತ್ತದೆ, ಟ್ಯಾಂಕಿನಲ್ಲಿ ಕಪ್ಪು ನೀರು ಕಾಣುತ್ತದೆ. ನೀವು ಒಪ್ಪಿ ಸಹಿ ಹಾಕುತ್ತೀರಿ. ಮಾರನೆಯ ವಾರ ರಾತ್ರಿ ಹನ್ನೊಂದರ ಮೇಲೆ ಅದೇ ಮೆಷಿನ್, ಅದೇ ವಾಂಡ್ ಮೆಟ್ಟಿಲ ಬುಡಕ್ಕೆ ಬರುತ್ತದೆ. ಅಲ್ಲಿ ಅದು ಕೆಲಸ ಮಾಡುವುದಿಲ್ಲ. ಮಾಡುವುದಿಲ್ಲ ಎಂದು ನಿಮಗೆ ಹೇಳುವವರು ಯಾರೂ ಇರುವುದಿಲ್ಲ. ಯಾಕೆಂದರೆ ಆ ಹೊತ್ತಿಗೆ ನೀವು ಮನೆಯಲ್ಲಿರುತ್ತೀರಿ.

ನಾನು ರೂಮ್‌ಬಾಯ್ ಆಗಿ ಈ ಕೆಲಸಕ್ಕೆ ಸೇರಿದವನು. ಆಮೇಲೆ ವರ್ಷಗಟ್ಟಲೆ ಕಾರ್ಪೆಟ್ ತೊಳೆದೆ, ಈಗ ತೊಳೆಯುವವರಿಗೆ ಕಲಿಸುತ್ತೇನೆ. ನಮ್ಮ ನಾಡಿನ ಹಳೆಯ ಮನೆಗಳಲ್ಲಿ ಮೆಟ್ಟಿಲಿಗೆ ಹಾಸು ಹಾಕುವ ಪದ್ಧತಿ ಇರಲಿಲ್ಲ. ಕಲ್ಲಿನ ಮೆಟ್ಟಿಲು, ಮರದ ಮೆಟ್ಟಿಲು, ರೆಡ್ ಆಕ್ಸೈಡ್ ಬಳಿದ ಮೆಟ್ಟಿಲು, ಎಲ್ಲಕ್ಕೂ ಒಂದು ಬಕೆಟ್ ನೀರು, ಒಂದು ಬಟ್ಟೆ ಸಾಕಿತ್ತು. ರತ್ನಗಂಬಳಿ ಎಂಬ ಚಂದದ ಹೆಸರು ನಮ್ಮಲ್ಲಿದೆ, ಆದರೆ ಅದು ಅಂಬಾರಿ, ಸಿಂಹಾಸನಗಳ ಜೊತೆ ಬರುವ ಮಾತು. ಮೆಟ್ಟಿಲ ಕಾರ್ಪೆಟ್ಟು ಹೋಟೆಲು, ಮಲ್ಟಿಪ್ಲೆಕ್ಸುಗಳ ಜೊತೆ ಬಂತು. ಅದನ್ನು ತೊಳೆಯುವ ಕಸುಬನ್ನು ಅಪ್ಪನಿಂದ ಮಗ ಕಲಿತದ್ದಿಲ್ಲ, ಅತ್ತೆಯಿಂದ ಸೊಸೆ ಕಲಿತದ್ದಿಲ್ಲ. ಕೈಗೆ ಕೊಟ್ಟ ಉಪಕರಣ ಏನು ಕಲಿಸಿತೋ ಅಷ್ಟೇ ಕಲಿತಿದ್ದೇವೆ. ಆದ್ದರಿಂದಲೇ ಉಪಕರಣದ ಆಯ್ಕೆ ಇಷ್ಟು ಮುಖ್ಯವಾಗುತ್ತದೆ, ನಾನು ಈ ಪತ್ರ ಬರೆಯುವಂತಾಗುತ್ತದೆ.

ಮೊದಲು ಮೆಟ್ಟಿಲನ್ನೇ ನೋಡೋಣ. ಕಾಲಿಡುವ ಭಾಗಕ್ಕೆ ನಮ್ಮ ಮೇಸ್ತ್ರಿಗಳು ಟ್ರೆಡ್ ಎನ್ನುತ್ತಾರೆ, ನೇರ ನಿಂತ ಭಾಗಕ್ಕೆ ರೈಸರ್, ಮುಂದಿನ ಅಂಚಿಗೆ ನೋಸಿಂಗ್. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಜನ ಸೇರುವ ಕಟ್ಟಡಗಳಲ್ಲಿ ಟ್ರೆಡ್ 30 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು, ರೈಸರ್ 15 ಸೆಂಟಿಮೀಟರ್ ಮೀರಬಾರದು. ಈ ಅಳತೆಯೊಳಗೆ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಟ್ರೆಡ್ಡಿನ ಮೇಲೆ ಕಾಲಿನ ಮಣ್ಣು. ರೈಸರಿನ ಮೇಲೆ ಬೂಟಿನ ತುದಿ ಉಜ್ಜಿದ ಕಪ್ಪು ಗೆರೆ. ಎರಡೂ ಕೂಡುವ ಮೂಲೆಯಲ್ಲಿ ಮರಳು, ಪಾಪ್‌ಕಾರ್ನ್ ಚೂರು, ಕೂದಲು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನೋಸಿಂಗ್. ಅಲ್ಲಿ ಕಾರ್ಪೆಟ್ಟು ಬಾಗಿರುತ್ತದೆ, ನೂಲಿನ ಗುಚ್ಛಗಳು ಅಗಲ ಸರಿದು ಅಡಿಯ ಬಟ್ಟೆ ಹಲ್ಲು ಕಿರಿಯುತ್ತದೆ. ಇಳಿಯುವವರ ಭಾರವೆಲ್ಲ ಬೀಳುವುದು ಆ ಎರಡು ಬೆರಳಿನಗಲದ ಅಂಚಿನ ಮೇಲೆ. ಬೇಗ ಕೊಳೆಯಾಗುವುದು ಅದೇ, ಬೇಗ ಸವೆಯುವುದೂ ಅದೇ. ಒರಟಾಗಿ ಉಜ್ಜಬಾರದ ಜಾಗವೂ ಅದೇ.

ಉದ್ದನೆಯ ವಾಂಡನ್ನು ನಿಂತ ಮನುಷ್ಯನ ಸೊಂಟಕ್ಕೂ ಅವನ ಪಾದದಡಿಯ ನೆಲಕ್ಕೂ ಇರುವ ಕೋನ ನೋಡಿ ಮಾಡಿರುತ್ತಾರೆ. ಮೆಟ್ಟಿಲಲ್ಲಿ ನಿಮ್ಮ ಹುಡುಗಿ ಎರಡು ಮೂರು ಮೆಟ್ಟಿಲು ಕೆಳಗೆ ನಿಂತಿರುತ್ತಾಳೆ, ತೊಳೆಯಬೇಕಾದ ಟ್ರೆಡ್ಡು ಅವಳ ಮೊಣಕಾಲಿನ ಎತ್ತರದಲ್ಲೋ ಅದಕ್ಕೂ ಮೇಲೋ ಇರುತ್ತದೆ. ಕೋಲು ಅಡ್ಡ ಮಲಗುತ್ತದೆ, ನೀರು ಹೀರುವ ತಲೆಯ ಒಂದು ತುಟಿ ಮೇಲೇಳುತ್ತದೆ. ತುಟಿ ಕಾರ್ಪೆಟ್ಟಿಗೆ ಕೂತರೆ ಮಾತ್ರ ಗಾಳಿ ನೂಲಿನ ನಡುವಿಂದ ನುಗ್ಗಿ ನೀರನ್ನು ಎಳೆದುಕೊಂಡು ಬರುತ್ತದೆ. ತುಟಿ ಎದ್ದರೆ ಮೆಷಿನ್ನು ಕೋಣೆಯ ಗಾಳಿಯನ್ನೇ ಕುಡಿಯುತ್ತ ಜೋರಾಗಿ ಸದ್ದು ಮಾಡುತ್ತದೆ. ಸದ್ದು ಜೋರಾಗಿದೆ, ಕೆಲಸ ನಡೆಯುತ್ತಿದೆ ಎಂದು ದೂರದಿಂದ ಅನ್ನಿಸುತ್ತದೆ. ನೀರು ಮಾತ್ರ ಕಾರ್ಪೆಟ್ಟಿನಲ್ಲೇ ಉಳಿಯುತ್ತದೆ.

ಉಳಿದ ನೀರು ಏನು ಮಾಡುತ್ತದೆ ಎಂಬುದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹೋಟೆಲಿನ ಮೆಟ್ಟಿಲಿಗೆ ಹಾಸಿದ್ದ ಉಣ್ಣೆಯ ಕಾರ್ಪೆಟ್ಟನ್ನು ಇಂಥದೇ ವಾಂಡಿನಿಂದ ತೊಳೆದೆ. ಅದರ ಅಡಿಪದರ ಸೆಣಬಿನದು. ರಾತ್ರಿ ನೋಡಿದಾಗ ಚೊಕ್ಕಟವಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಟ್ರೆಡ್ಡುಗಳ ಮೇಲೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಎದ್ದಿತ್ತು. ಸೆಣಬು ಬಹಳ ಹೊತ್ತು ಒದ್ದೆಯಾಗಿದ್ದರೆ, ಅದರಲ್ಲೂ ಕ್ಷಾರದ ರಾಸಾಯನಿಕ ಸೇರಿದ್ದರೆ, ಅದರ ಬಣ್ಣ ನೀರಿನ ಜೊತೆ ನೂಲು ಹತ್ತಿ ತುದಿಯಲ್ಲಿ ಒಣಗುತ್ತದೆ. ನಾನು ಎರಡನ್ನೂ ಮಾಡಿದ್ದೆ. ಸಿಟ್ರಿಕ್ ಆಮ್ಲದ ತೆಳು ದ್ರಾವಣ ಹಾಕಿ ಆ ಕಲೆ ತೆಗೆಯಲು ಮೂರು ರಾತ್ರಿ ಹಿಡಿಯಿತು. ಆ ಮೂರು ರಾತ್ರಿ ನನ್ನ ಜೊತೆ ಮೊಣಕಾಲೂರಿ ಕೂತ ಹಿರಿಯರೊಬ್ಬರು ಒಂದು ಬಿರುನುಡಿಯನ್ನೂ ಆಡಲಿಲ್ಲ. ಅದನ್ನು ನಾನು ಮರೆತಿಲ್ಲ.

ಆದ್ದರಿಂದ ಉಪಕರಣದ ಮಾತಿಗೂ ಮುಂಚೆ ಕಾರ್ಪೆಟ್ಟು ಯಾವುದೆಂದು ತಿಳಿಯಬೇಕು. ಕಾಣದ ಅಂಚಿನಿಂದ ಒಂದೆಳೆ ಕಿತ್ತು ನೀರಿಗೆ ಹಾಕಿ. ಪಾಲಿಪ್ರೊಪಿಲೀನ್ ತೇಲುತ್ತದೆ. ಇನ್ನೊಂದೆಳೆಯನ್ನು ಹೊರಗೆ ಒಯ್ದು ಕಡ್ಡಿ ಗೀರಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ನೈಲಾನಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬ್ರಷ್ಷು ಯಾವುದು, ರಾಸಾಯನಿಕ ಯಾವುದು, ನೀರು ಎಷ್ಟು ಬಿಸಿ ಎಂಬುದೆಲ್ಲ ಈ ಎಳೆಯಿಂದ ಶುರುವಾಗುತ್ತದೆ. ಉಣ್ಣೆಗೆ ಗಡಸು ನೈಲಾನ್ ಬ್ರಷ್ ಹಾಕಿದರೆ ನೂಲು ಕೆದರಿ ನಯ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಕುದುರೆ ಕೂದಲಿನ ಮೆತ್ತನೆ ಬ್ರಷ್ಷು ದುಬಾರಿ ಎಂದು ಖರೀದಿ ಪಟ್ಟಿಯಿಂದ ಹೊಡೆದುಹಾಕುವವರು ದಯವಿಟ್ಟು ಒಂದು ಮೀಟರ್ ಉಣ್ಣೆ ಕಾರ್ಪೆಟ್ಟಿನ ಬೆಲೆಯನ್ನು ಪಕ್ಕದಲ್ಲಿ ಬರೆದು ನೋಡಿ.

ನಮ್ಮಲ್ಲಿ ಇನ್ನೊಂದು ರೂಢಿಯಿದೆ, ಕೈಬ್ರಷ್ಷಿಗೆ ನೊರೆ ಮಾಡಿಕೊಂಡು ಮೆಟ್ಟಿಲನ್ನು ಶಾಂಪೂ ಮಾಡುವುದು. ನೆಲದಲ್ಲಿ ತಿರುಗುವ ದೊಡ್ಡ ಮೆಷಿನ್ನು ಮೆಟ್ಟಿಲು ಹತ್ತುವುದಿಲ್ಲವಾದ್ದರಿಂದ ಹುಟ್ಟಿದ ದಾರಿ ಅದು. ನೊರೆ ಉಜ್ಜುತ್ತಾರೆ, ಬಟ್ಟೆಯಲ್ಲಿ ಒರೆಸುತ್ತಾರೆ. ಸೋಪಿನ ಅಂಶ ನೂಲಿನಲ್ಲೇ ಉಳಿದು ಅಂಟಾಗುತ್ತದೆ, ಅಂಟಿಗೆ ಧೂಳು ಹಿಡಿಯುತ್ತದೆ. ತೊಳೆದ ಹದಿನೈದು ದಿನಕ್ಕೆ ನೋಸಿಂಗ್ ಮೊದಲಿಗಿಂತ ಕಪ್ಪಾಗಿದೆ ಎಂದು ನೀವು ಬೈಯುವುದನ್ನು ನಾನು ಕೇಳಿದ್ದೇನೆ. ಬೈಸಿಕೊಂಡವರು ಉಜ್ಜುವುದರಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ಉಜ್ಜಿ ಎಬ್ಬಿಸಿದ್ದನ್ನು ಎಳೆದು ತೆಗೆಯುವ ಉಪಕರಣ ಅವರಿಗೆ ಕೊಟ್ಟಿರಲಿಲ್ಲ.

ಎಳೆದು ತೆಗೆಯುವುದಕ್ಕೆ ಬೇಕಾದದ್ದು ಗಿಡ್ಡ ಹಿಡಿಯ ಕೈ ಉಪಕರಣ. ಮೆಟ್ಟಿಲಿಗೆಂದೇ ಮಾಡಿದ್ದೋ, ಸೋಫಾ ತೊಳೆಯುವುದೋ, ಎರಡೂ ಒಂದೇ ಕುಲದವು. ಇಲ್ಲಿ ಅಗಲದ ಪ್ರಶ್ನೆ ಬರುತ್ತದೆ. ಈ ಲೆಕ್ಕವನ್ನು ನೀವು ನನ್ನ ಜೊತೆ ಮಾಡಬೇಕು. ಮೆಟ್ಟಿಲು 120 ಸೆಂಟಿಮೀಟರ್ ಅಗಲ ಎನ್ನಿ. ಉಪಕರಣದ ತಲೆ 10 ಸೆಂಟಿಮೀಟರ್. ಟ್ರೆಡ್ಡಿಗೆ 12 ಪಟ್ಟಿ, ರೈಸರಿಗೆ 12 ಪಟ್ಟಿ. ಪ್ರತಿ ಪಟ್ಟಿಗೆ ನೀರು ಬಿಟ್ಟು ಒಂದು ಎಳೆತ, ನೀರು ನಿಲ್ಲಿಸಿ ಎರಡು ಎಳೆತ. ಒಂದು ಮೆಟ್ಟಿಲಿಗೆ 72 ಎಳೆತ. 40 ಮೆಟ್ಟಿಲಿಗೆ 2,880. ಟ್ರಿಗರ್ ಒತ್ತುವುದು 960 ಸಲ. ಒಬ್ಬ ಹೆಂಗಸಿನ ಬಲ ಮಣಿಕಟ್ಟು, ಒಂದೇ ರಾತ್ರಿ.

ತಲೆ 15 ಸೆಂಟಿಮೀಟರ್ ಆದರೆ ಎಳೆತ 1,920ಕ್ಕೆ ಇಳಿಯುತ್ತದೆ. ಹಾಗಾದರೆ ಅಗಲವಾದದ್ದನ್ನೇ ಕೊಳ್ಳೋಣ ಎನ್ನುತ್ತೀರಿ. ಅಲ್ಲೇ ತೊಡಕು. ಮೆಷಿನ್ ಎಳೆಯುವ ಗಾಳಿ ಅಷ್ಟೇ ಇರುತ್ತದೆ, ಸೀಳು ಉದ್ದವಾದಷ್ಟೂ ಅದರಲ್ಲಿ ಗಾಳಿಯ ವೇಗ ಇಳಿಯುತ್ತದೆ. ಚಿಕ್ಕ ಮೆಷಿನ್ನಿಗೆ ಅಗಲ ತಲೆ ಸಿಕ್ಕಿಸಿದರೆ ಎರಡು ಎಳೆತದಲ್ಲಿ ಒಣಗುತ್ತಿದ್ದದ್ದು ನಾಲ್ಕು ಬೇಡುತ್ತದೆ, ಲಾಭವೆಲ್ಲ ಅಲ್ಲಿಗೇ ಹೋಯಿತು. ಹೋಸ್ ಪೈಪು ಉದ್ದವಾದರೂ, ಸಣ್ಣದಾದರೂ ಇದೇ ಕತೆ. ಆದ್ದರಿಂದ ಉಪಕರಣದ ಅಗಲವನ್ನು ಪುಸ್ತಕ ನೋಡಿ ಹೇಳಲಾಗುವುದಿಲ್ಲ. ನಿಮ್ಮ ಮೆಷಿನ್, ನಿಮ್ಮ ಪೈಪು, ನಿಮ್ಮ ಮೆಟ್ಟಿಲು ಮೂರನ್ನೂ ಒಟ್ಟಿಗಿಟ್ಟು ನೋಡಿಯೇ ಹೇಳಬೇಕು. ನೋಡುವ ಬಗೆಯೂ ಸುಲಭ. ಟ್ಯಾಂಕಿಗೆ 10 ಲೀಟರ್ ಅಳೆದು ಹಾಕಿ, ಅದು ಮುಗಿಯುವವರೆಗೆ ಮೆಟ್ಟಿಲು ತೊಳೆದು, ಕೊಳೆ ನೀರಿನ ಟ್ಯಾಂಕಿಗೆ ಎಷ್ಟು ವಾಪಸು ಬಂತೆಂದು ಅಳೆಯಿರಿ. ಎರಡು ಉಪಕರಣಗಳ ನಡುವಿನ ವ್ಯತ್ಯಾಸ ಬಕೆಟ್ಟಿನಲ್ಲೇ ಕಾಣುತ್ತದೆ. ಆಮೇಲೆ ಒಂದು ಬಿಳಿ ಟವಲನ್ನು ಟ್ರೆಡ್ಡಿನ ಮೇಲೆ ಹಾಸಿ ಅದರ ಮೇಲೆ ನಿಲ್ಲಿ. ಟವಲು ಎಷ್ಟು ಒದ್ದೆಯಾಯಿತು, ಎಷ್ಟು ಕಪ್ಪಾಯಿತು, ಎರಡನ್ನೂ ನೋಡಿ.

ನೀರು ಚಿಮ್ಮುವ ಜೆಟ್ಟಿನ ಬಗ್ಗೆಯೂ ಹೇಳಬೇಕು, ಇದನ್ನು ಕೇಳುವವರೇ ಕಡಿಮೆ. ಜೆಟ್ಟಿನ ಮೈಮೇಲೆ 11002 ಎಂಬಂಥ ಅಂಕಿ ಕೆತ್ತಿರುತ್ತದೆ. ಬೀಸಣಿಗೆಯಾಕಾರದ ಚಿಮ್ಮು 110 ಡಿಗ್ರಿ ಅಗಲ, 40 ಪಿಎಸ್ಐ ಒತ್ತಡದಲ್ಲಿ ನಿಮಿಷಕ್ಕೆ 0.2 ಅಮೆರಿಕನ್ ಗ್ಯಾಲನ್ ಎಂದು ಅದರ ಅರ್ಥ. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಲೀಟರಿನ ಆಸುಪಾಸು. ಒತ್ತಡ ನಾಲ್ಕು ಪಟ್ಟು ಏರಿಸಿದರೆ ನೀರು ಎರಡು ಪಟ್ಟಾಗುತ್ತದೆ. ಮೆಟ್ಟಿಲಿಗೆ ಕಡಿಮೆ ನೀರಿನ ಜೆಟ್ಟೇ ಲೇಸು. ಜೆಟ್ಟು ತಲೆಯ ಒಳಗಡೆ ಅಡಗಿದ್ದರೆ ಇನ್ನೂ ಲೇಸು, ಹೊರಗೆ ಚಿಮ್ಮುವ ಉಪಕರಣ ಪಕ್ಕದ ಗೋಡೆಯನ್ನೂ ರೇಲಿಂಗಿನ ಮರದ ಕಂಬಗಳನ್ನೂ ನೆನೆಸುತ್ತದೆ. ಬೆಂಗಳೂರಿನಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರು ಹಾಕುವ ಕಡೆ ಜೆಟ್ಟಿನ ಬಾಯಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಚಿಮ್ಮು ಸೀಳಿ, ಕಾರ್ಪೆಟ್ಟಿನ ಮೇಲೆ ಪಟ್ಟೆ ಪಟ್ಟೆ ಮೂಡುತ್ತದೆ. ಆಗ ಎಲ್ಲರೂ ಮಾಡುವ ಕೆಲಸ ಸೀರೆಗೆ ಚುಚ್ಚಿಕೊಂಡ ಪಿನ್ನು ತೆಗೆದು ಜೆಟ್ಟಿಗೆ ಚುಚ್ಚುವುದು. ದಯವಿಟ್ಟು ಬೇಡ. ಆ ಸೀಳಿನ ಅಂಚು ಎಷ್ಟು ನಯವೋ ಚಿಮ್ಮು ಅಷ್ಟು ಸಮ. ಪಿನ್ನು ಗೀರಿದ ಮೇಲೆ ಜೆಟ್ಟು ಕೆಟ್ಟಂತೆಯೇ. ಸಿಟ್ರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಬಿಡುತ್ತದೆ. ತಿಂಗಳಿಗೊಮ್ಮೆ ಜೆಟ್ಟನ್ನು ಅಳತೆ ಜಗ್ಗಿನೊಳಗೆ ಒಂದು ನಿಮಿಷ ಬಿಟ್ಟು ನೋಡಿ. ಮೊದಲಿಗಿಂತ ಹೆಚ್ಚು ಬಂದರೆ ಸವೆದಿದೆ, ಬದಲಿಸಿ.

ಈಗ ನನ್ನ ಮನಸ್ಸಿಗೆ ಹತ್ತಿರದ ಮಾತಿಗೆ ಬರುತ್ತೇನೆ. ಕೊಂಡ ಉಪಕರಣ ಕೊಂಡಂತೆಯೇ ಇರಬೇಕಾಗಿಲ್ಲ, ಅದನ್ನು ತಿದ್ದಬಹುದು.

ನಮ್ಮ ತಂಡದಲ್ಲಿ ಕೋಲಾರದ ಕಡೆಯ ಒಬ್ಬ ಅಕ್ಕ ಇದ್ದರು. ಮೆಟ್ಟಿಲ ಕೆಲಸದಲ್ಲಿ ಅವರಷ್ಟು ನಿಗಾ ಇದ್ದವರನ್ನು ನಾನು ಕಂಡಿಲ್ಲ. ಬೆಲೆಬಾಳುವ ಹೊಸ ಉಪಕರಣ ತಂದುಕೊಟ್ಟೆ. ವಾರ ಬಿಟ್ಟು ಹೇಗಿದೆ ಎಂದು ಕೇಳಿದೆ. ಅವರು ಯೋಚಿಸಿ ಹೇಳಿದರು, "ಮೆಟ್ಟಿಲು ಕಷ್ಟ ಇಲ್ಲ ಸಾರ್. ಈ ಪೈಪು ನನ್ ಕೈನ ಆ ಕಡೆ ತಿರುಗಿಸ್ತದೆ, ನಾನು ಈ ಕಡೆ ತಿರುಗಿಸ್ಬೇಕು. ಇಡೀ ರಾತ್ರಿ ಅದರ ಜೊತೆ ಜಗಳ."

ನಾನು ಹದಿನೈದು ನಿಮಿಷ ಆ ಉಪಕರಣ ಹಿಡಿದು ಪಕ್ಕದಲ್ಲೇ ಕೂತೆ. ಅವರು ಹೇಳಿದ್ದು ಅಕ್ಷರಶಃ ನಿಜ. ಹೋಸ್ ಪೈಪಿಗೆ ತನ್ನದೇ ಒಂದು ಸುರುಳಿಯ ಸೆಟೆತ ಇರುತ್ತದೆ, ಅದು ಹಿಡಿಯ ಹಿಂಬದಿಗೆ ಬಿಗಿಯಾಗಿ ಕೂತಿದ್ದರಿಂದ ಸೆಟೆತವೆಲ್ಲ ಮಣಿಕಟ್ಟಿಗೆ ಬರುತ್ತಿತ್ತು. ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಶೆಡ್ಡಿಗೆ ಅಕ್ಕನನ್ನೇ ಕರೆದುಕೊಂಡು ಹೋದೆ. ಲೇತ್ ಮೆಷಿನ್ನಿನ ಹುಡುಗ ಪೈಪು ಮತ್ತು ಹಿಡಿಯ ನಡುವೆ ಸುತ್ತಲೂ ತಿರುಗುವ ಒಂದು ಬಳೆ ಮಾಡಿಕೊಟ್ಟ. ಪೈಪು ತನ್ನಿಷ್ಟಕ್ಕೆ ತಿರುಗಿಕೊಂಡಿತು, ಕೈ ನೆಟ್ಟಗೆ ಉಳಿಯಿತು.

ಒಂದು ಸರಿಹೋದ ಮೇಲೆ ಅಕ್ಕನ ಬಾಯಿಂದ ಒಂದೊಂದೇ ಮಾತು ಹೊರಬಂತು. ಅಷ್ಟು ವರ್ಷ ಯಾರೂ ಕೇಳಿರಲಿಲ್ಲ. ಟ್ರಿಗರನ್ನು ಒಂದೇ ಬೆರಳಿನಿಂದ ಒತ್ತಬೇಕಿತ್ತು, ಅದನ್ನು ಇಡೀ ಅಂಗೈಯಿಂದ ಅದುಮುವ ಉದ್ದನೆಯ ಸನ್ನೆಯಾಗಿ ಬದಲಿಸಿದೆವು. ರೈಸರಿನ ಮೇಲೆ ಎಳೆಯುವಾಗ ಹಿಡಿ ಮೇಲಿನ ಟ್ರೆಡ್ಡಿನ ಅಂಚಿಗೆ ತಾಗುತ್ತಿತ್ತು. ರಟ್ಟು ಕತ್ತರಿಸಿ ಅಳತೆ ಹಿಡಿದು, ಹಿಡಿಯ ಕೊಳವೆಯನ್ನು ಎರಡು ಸಲ ಬಗ್ಗಿಸಿ ನೋಡಿ, ಮೂರನೆಯ ಸಲಕ್ಕೆ ಸರಿಯಾದ ಕೋನ ಸಿಕ್ಕಿತು. ತಲೆಯ ತುಟಿ ಸ್ಟೀಲಿನದು, ಒಣ ಎಳೆತದಲ್ಲಿ ಕಾರ್ಪೆಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಟೆಫ್ಲಾನ್ ಜಾತಿಯ ಬಿಳಿ ಹಲಗೆಯಿಂದ ಒಂದು ಜಾರುಪಟ್ಟಿ ಕೊರೆಸಿ ತುಟಿಗೆ ಕೂರಿಸಿದೆವು. ಎಳೆತ ಎಷ್ಟು ಹಗುರಾಯಿತೆಂದರೆ ಮೊದಲ ರಾತ್ರಿ ಅಕ್ಕ ಅಭ್ಯಾಸಬಲದಿಂದ ಜೋರಾಗಿ ಎಳೆದು ಹಿಂದಕ್ಕೆ ವಾಲಿದರು. ಹಿಂದೆ ನಾನು ನಿಂತಿದ್ದೆ, ಸದ್ಯ. ಆ ಪಟ್ಟಿಯ ಅಂಚುಗಳನ್ನು ಮರಳು ಕಾಗದದಲ್ಲಿ ದುಂಡಗೆ ಉಜ್ಜಬೇಕು ಎಂಬುದು ಆಮೇಲೆ ಗೊತ್ತಾಯಿತು. ಚೂಪು ಅಂಚು ನೋಸಿಂಗಿನ ಸಡಿಲ ನೂಲನ್ನು ಎತ್ತುತ್ತಿತ್ತು.

ಇಷ್ಟೆಲ್ಲ ತಿದ್ದಿದ್ದಕ್ಕೆ ಆದ ಖರ್ಚು ಹೊಸ ಉಪಕರಣದ ಬೆಲೆಯ ಮುಂದೆ ಬಹಳ ಸಣ್ಣದು. ಅದಕ್ಕೂ ನಾನು ಮೂರು ತಿಂಗಳು ಅನುಮತಿಗೆ ಅಲೆದೆ. ಕಂಪನಿಯ ಉಪಕರಣವನ್ನು ಕೊರೆಯಬಾರದು, ವಾರಂಟಿ ಹೋಗುತ್ತದೆ ಎಂದು ಒಬ್ಬರು ಕಡತ ಹಿಂದಕ್ಕೆ ಕಳಿಸಿದರು. ವಾರಂಟಿಯ ಮಾತು ಸುಳ್ಳಲ್ಲ, ಮೋಟರನ್ನೂ ವಿದ್ಯುತ್ ಭಾಗಗಳನ್ನೂ ಯಾರೂ ಮುಟ್ಟಬಾರದು. ಆದರೆ ಹಿಡಿ, ಬಳೆ, ಜಾರುಪಟ್ಟಿ ಇವು ಕೈಗೆ ಸೇರಿದವು. ಚಪ್ಪಲಿ ಕಚ್ಚಿದರೆ ಹೊಲಿಸಿಕೊಳ್ಳುವುದಿಲ್ಲವೇ?

ಈ ಕಸುಬಿನ ಚರಿತ್ರೆಯಲ್ಲೂ ಇದೇ ನಡೆದಿದೆ. ಅಮೆರಿಕದ ಓಹಿಯೋ ರಾಜ್ಯದ ಕ್ಯಾಂಟನ್ ಊರಿನ ಒಂದು ಅಂಗಡಿಯಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತ ಕಸ ಗುಡಿಸುತ್ತಿದ್ದ. ಅವನಿಗೆ ಅಸ್ತಮಾ. ಕಾರ್ಪೆಟ್ ಗುಡಿಸಿದಾಗ ಏಳುವ ಧೂಳು ಅವನ ಉಸಿರು ಕಟ್ಟಿಸುತ್ತಿತ್ತು. ಫ್ಯಾನಿನ ಮೋಟರು, ಪೊರಕೆಯ ಕೋಲು, ದಿಂಬಿನ ಚೀಲ ಸೇರಿಸಿ ಅವನು ಒಂದು ಯಂತ್ರ ಕಟ್ಟಿದ. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡವರ ಹೆಸರು ಹೂವರ್, ಜಗತ್ತು ಆ ಹೆಸರನ್ನೇ ನೆನಪಿಟ್ಟುಕೊಂಡಿತು. ನಿಮ್ಮ ಉಗ್ರಾಣದಲ್ಲಿರುವ ವ್ಯಾಕ್ಯೂಮ್ ಕ್ಲೀನರಿನ ಮೂಲಪುರುಷರಲ್ಲಿ ಒಬ್ಬ ದಿನವೂ ಪೊರಕೆ ಹಿಡಿಯಬೇಕಾಗಿದ್ದ ಕೂಲಿಯವನು. ರಾತ್ರಿ ಪಾಳಿಯ ಅಕ್ಕ ಏನೋ ಹೇಳಲು ಬಂದಾಗ ಇದನ್ನು ನೆನೆಯಿರಿ.

ಮೊಣಕಾಲಿನ ಮಾತನ್ನೂ ಬಿಡಲಾರೆ. ಮೊಣಚಿಪ್ಪಿನ ಮುಂದೆ ಊತ ಬಂದು ನೀರು ತುಂಬುವ ಒಂದು ಕಾಯಿಲೆಗೆ ಇಂಗ್ಲಿಷ್ ವೈದ್ಯರು ಹಿಂದಿನಿಂದಲೂ ಮನೆಗೆಲಸದವಳ ಮೊಣಕಾಲು ಎಂದೇ ಹೆಸರಿಟ್ಟಿದ್ದಾರೆ. ಗಟ್ಟಿ ನೆಲದ ಮೇಲೆ ಮೊಣಕಾಲೂರಿ ಉಜ್ಜಿದ ಹೆಂಗಸರಿಂದ ಬಂದ ಹೆಸರು. ಮೆಟ್ಟಿಲ ಕೆಲಸಕ್ಕೆ ದಪ್ಪ ಮೆತ್ತೆಯ ಮೊಣಕಾಲು ಪಟ್ಟಿಯೂ ಉಪಕರಣವೇ. ಅದನ್ನು ಸಮವಸ್ತ್ರದ ಖಾತೆಗೆ ತಳ್ಳಿ, ಆ ಖಾತೆಯಲ್ಲಿ ಹಣವಿಲ್ಲ ಎನ್ನಬೇಡಿ.

ಉಳಿದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನೀರು ತಾಗಿಸುವ ಮೊದಲು ಒಣ ವ್ಯಾಕ್ಯೂಮ್, ಮೂಲೆಗಳಿಗೆ ಚಪ್ಪಟೆ ಮೂತಿಯದು. ಮರಳು ಒದ್ದೆಯಾದರೆ ಕೆಸರು. ಕಾರ್ಪೆಟ್ಟಿನ ಅಂಚು ಹಿಡಿದಿರುವ ಮೊಳೆಪಟ್ಟಿ ಕೆಲವು ಮೆಟ್ಟಿಲುಗಳ ಮೂಲೆಯಲ್ಲಿ ಅಡಗಿರುತ್ತದೆ, ಬರಿ ಬೆರಳು ತೂರಿಸಬಾರದು. ಕೆಲಸ ಮೇಲಿಂದ ಕೆಳಕ್ಕೆ ನಡೆಯಲಿ, ಒಣ ಮೆಟ್ಟಿಲ ಮೇಲೆ ಕಾಲು ನಿಲ್ಲಲಿ. ಮೆಷಿನ್ನು ಕೆಳಗಿರಲಿ, ಮೇಲಿಟ್ಟು ಪೈಪು ಎಳೆದರೆ ಅದು ಮೈಮೇಲೆ ಬರುತ್ತದೆ. ಪ್ಲಗ್ಗಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ, ಬಾಯಿಮಾತಿಗೆ ಬಿಡದೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಮಳೆಗಾಲದಲ್ಲಿ ಗಾಳಿ ಬೀಸುವ ಬ್ಲೋವರ್ ಇಲ್ಲದೆ ಮೆಟ್ಟಿಲು ತೊಳೆಯಬೇಡಿ, ಬೆಳಗಿನವರೆಗೂ ಆರುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಮಂಗಳೂರಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಉಪಕರಣ ಮಾರುವವರು ಬಂದಾಗ ಅವರನ್ನು ಲಾಬಿಯಲ್ಲಿ ನಿಲ್ಲಿಸಬೇಡಿ. ನಿಮ್ಮ ಕಟ್ಟಡದಲ್ಲೇ ಅತಿ ಕೊಳೆಯಾದ ಮೆಟ್ಟಿಲ ಸಾಲಿಗೆ ಕರೆದೊಯ್ಯಿರಿ. ಅವರ ತರಬೇತಾದ ಹುಡುಗ ತೊಳೆಯುವುದು ಬೇಡ, ನಿಮ್ಮ ಸಿಬ್ಬಂದಿ ತೊಳೆಯಲಿ. ಒಂದೆರಡು ಮೆಟ್ಟಿಲಿಗೆ ನಿಲ್ಲಿಸದೆ ಇಪ್ಪತ್ತು ಮೆಟ್ಟಿಲಾದರೂ ಆಗಲಿ, ಕೈ ನೋಯಲು ಶುರುವಾಗುವುದು ಹತ್ತರ ಮೇಲೆಯೇ. ಬಕೆಟ್ಟಿನಲ್ಲಿ ನೀರು ಅಳೆಯಿರಿ, ಟವಲು ಹಾಸಿ ನೋಡಿ. ಆಮೇಲೆ ಮಾರಾಟಗಾರರನ್ನು ಹೊರಗೆ ಕೂರಿಸಿ, ತೊಳೆದವರನ್ನು ಮಾತ್ರ ಕೇಳಿ. ಬೇಡ ಎಂದರೆ ಯಾಕೆ ಎಂದು ಬರೆದುಕೊಳ್ಳಿ. ಒಂದು ಬಳೆ, ಒಂದು ಪಟ್ಟಿಯಿಂದ ಸರಿಹೋಗುವಂಥದ್ದಾದರೆ ನನಗೆ ಹೇಳಿ, ಪೀಣ್ಯದ ದಾರಿ ನನಗೆ ಗೊತ್ತಿದೆ.

ಈ ಪರೀಕ್ಷೆಗೆಂದು ರಾತ್ರಿ ಪಾಳಿಯವರನ್ನು ಹಗಲಲ್ಲಿ ಕರೆಸಿದರೆ, ಆ ಗಂಟೆಗಳಿಗೂ ಸಂಬಳ ಹಾಕಿಸಿ.

ಇಂತಿ,
ನಿಮ್ಮ ಜೊತೆಯ ಕೆಲಸಗಾರ